ತೇಲುವ ಕಪ್ಪೆಗೆ ತಕ್ಕ ದಾರ

ಕಳೆದ ವರ್ಷದ ಓಣಂ ರಜೆಯಲ್ಲಿ ನ್ಯಾಯಾಲಯ ಮುಚ್ಚಿತ್ತು. ಕಕ್ಷಿದಾರರ ಓಡಾಟವಿಲ್ಲದ ಆ ದಿನಗಳಲ್ಲಿ ಅಕ್ಕನ ಮಗ ನಮ್ಮ ತೋಟದ ಮನೆಗೆ ಬಂದ. ಇಂಜಿನಿಯರಿಂಗ್ ಓದುವ ಹುಡುಗ. ಅವನ ಚೀಲದಲ್ಲಿ ಪುಸ್ತಕಗಳಿಗಿಂತ ಹೆಚ್ಚು ಜಾಗವನ್ನು ಹಿಡಿದಿದ್ದುದು ಒಂದು ಗಾಳದ ಕೋಲು, ಒಂದು ರೀಲು, ಹಸಿರು ಬಣ್ಣದ ಎರಡು ರಬ್ಬರ್ ಕಪ್ಪೆಗಳು ಮತ್ತು ಒಂದು ಸುರುಳಿ ದಾರ. ದಾರದ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿಯೂ ಜಪಾನಿ ಲಿಪಿಯಲ್ಲಿಯೂ ಬಹಳಷ್ಟು ಬರೆದಿತ್ತು. ಅದರ ಸಾರಾಂಶ ಇಷ್ಟೇ: ಈ ದಾರ ನೀರಿನೊಳಗೆ ಕಣ್ಣಿಗೆ ಕಾಣುವುದಿಲ್ಲ. ಅಮೆರಿಕದ ಸರೋವರಗಳಲ್ಲಿ ಬಾಸ್ ಎಂಬ ಮೀನನ್ನು ಹಿಡಿಯುವವರ ವಿಡಿಯೋಗಳನ್ನು ನೋಡಿ ನೋಡಿ, ತನ್ನ ಉಳಿತಾಯದ ಹಣವನ್ನೆಲ್ಲ ಅವನು ಈ ಪೆಟ್ಟಿಗೆಗೆ ಸುರಿದಿದ್ದ.

ನಮ್ಮ ಅಡಿಕೆ ತೋಟದ ಕೆಳಗಿನ ಕೆರೆಯಲ್ಲಿ ಬಾಸ್ ಇಲ್ಲ. ಆದರೆ ಅದರ ಸ್ವಭಾವಕ್ಕೆ ಹತ್ತಿರವಾದ ಒಂದು ಮೀನುಂಟು. ಇಂಗ್ಲಿಷಿನವರು ಸ್ನೇಕ್‌ಹೆಡ್, ಅಂದರೆ ಹಾವುತಲೆ ಎನ್ನುವ ಈ ಮೀನನ್ನು ಮಲಯಾಳದಲ್ಲಿ ವರಾಲ್ ಎನ್ನುತ್ತಾರೆ, ತಮಿಳಿನಲ್ಲಿ ವಿರಾಲ್, ತೆಲುಗಿನಲ್ಲಿ ಕೊರ್ರಮೀನು. ನೀರಿನ ಮೇಲೆ ಈಜುವ ಕಪ್ಪೆಯನ್ನು ಕೆಳಗಿನಿಂದ ಬಂದು ಸದ್ದು ಮಾಡಿ ನುಂಗುವುದರಲ್ಲಿ ಇದು ಬಾಸಿಗೆ ಏನೂ ಕಡಿಮೆಯಿಲ್ಲ. ಹುಡುಗ ಕಪ್ಪೆಯನ್ನು ಎಸೆದ. ಮೂರನೆಯ ಎಸೆತಕ್ಕೆ ನೀರು ಸ್ಫೋಟಿಸಿತು. ಕೋಲು ಬಾಗಿತು, ಒಂದು ಕ್ಷಣ ರೀಲು ಕಿರುಗುಟ್ಟಿತು, ಆಮೇಲೆ ಏನೂ ಇಲ್ಲ. ದಾರ ಹಗುರಾಗಿ ಗಾಳಿಯಲ್ಲಿ ತೇಲಿಬಂತು. ಕಪ್ಪೆಯನ್ನು ಬಾಯಲ್ಲಿಟ್ಟುಕೊಂಡು ವರಾಲ್ ನೈದಿಲೆಯ ಬೇರುಗಳ ನಡುವೆ ಇಳಿದುಹೋಗಿತ್ತು.

ಆ ಸಂಜೆ ನಾವಿಬ್ಬರೂ ದಾರವನ್ನು ಬೈದೆವು. ಆಮೇಲಿನ ತಿಂಗಳುಗಳಲ್ಲಿ ನಾನು ಈ ವಿಷಯವನ್ನು ಓದುತ್ತಾ, ಪರೀಕ್ಷಿಸುತ್ತಾ ಹೋದಂತೆ ದಾರ ನಿರಪರಾಧಿ ಎಂದು ತಿಳಿಯಿತು. ಅಪರಾಧಿ ಯಾರೆಂಬುದನ್ನು ಮುಂದೆ ಹೇಳುತ್ತೇನೆ. ಗಾಳದ ದಾರದ ಕುರಿತು ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ. ಗಾಳ ಹಿಡಿಯುವ ಮಕ್ಕಳೋ, ಗಡಿಯ ಈಚೆಗೂ ಆಚೆಗೂ ಬಹಳ. ಆದ್ದರಿಂದ ತಿಳಿದಷ್ಟನ್ನು ಇಲ್ಲಿ ಕ್ರಮವಾಗಿ ಬರೆದಿಡುತ್ತಿದ್ದೇನೆ.

ಮರದ ತುಂಡಿನಿಂದ ಮೊದಲಾದ ಕಥೆ

ನೀರಿನ ಮೇಲೆ ತೇಲುವ ಹುಸಿ ಎರೆಯಿಂದ ಬಾಸ್ ಹಿಡಿಯುವ ಕಲೆ ಅಮೆರಿಕದ್ದು. ಮಿಷಿಗನ್ ರಾಜ್ಯದ ಡೊವಾಜಿಯಾಕ್ ಎಂಬ ಊರಿನಲ್ಲಿ ಜೇಮ್ಸ್ ಹೆಡನ್ ಎಂಬ ಜೇನುಸಾಕಣೆಗಾರನಿದ್ದ. ಊರಿನ ಪತ್ರಿಕೆಯ ವ್ಯವಹಾರದಲ್ಲಿಯೂ ತೊಡಗಿದ್ದವನು. ಗಿರಣಿಯ ಕೆರೆಯ ಬಳಿ ಗೆಳೆಯನಿಗಾಗಿ ಕಾಯುತ್ತಾ ಕುಳಿತು ಮರದ ತುಂಡೊಂದನ್ನು ಕೆತ್ತುತ್ತಿದ್ದ ಅವನು, ಬೇಸರದಿಂದ ಅದನ್ನು ನೀರಿಗೆ ಎಸೆದಾಗ ಬಾಸ್ ಒಂದು ಮೇಲೆದ್ದು ಅದನ್ನು ಹೊಡೆಯಿತೆಂಬ ಕಥೆ ಪ್ರಸಿದ್ಧವಾಗಿದೆ. ಕಥೆ ಎಷ್ಟು ನಿಜವೋ, 19ನೆಯ ಶತಮಾನದ ಕೊನೆಯಲ್ಲಿ ಅವನು ಮರದ ಕಪ್ಪೆಗಳನ್ನು ಕೆತ್ತಿದ್ದು ಮಾತ್ರ ನಿಜ. ಅವನ ಹೆಸರಿನ ಸಂಸ್ಥೆ ಮುಂದೆ ತಯಾರಿಸಿದ ಜಾರಾ ಸ್ಪೂಕ್ ಎಂಬ ಹುಸಿ ಎರೆ, ನಾಯಿಯನ್ನು ಅಡ್ಡಾಡಿಸಿದಂತೆ ನೀರಿನ ಮೇಲೆ ಎಡಕ್ಕೂ ಬಲಕ್ಕೂ ತಲೆ ತಿರುಗಿಸುತ್ತಾ ಸಾಗುವಂಥದ್ದು, ಇಂದಿಗೂ ಮಾರಾಟವಾಗುತ್ತಿದೆ.

ಹೆಡನ್ ಕಾಲದಲ್ಲಿ ದಾರವೆಂದರೆ ರೇಷ್ಮೆ ಅಥವಾ ನಾರುಬಟ್ಟೆಯ ನೂಲು. ಮೀನು ಹಿಡಿದ ಮೇಲೆ ದಾರವನ್ನು ಬಿಚ್ಚಿ ನೆರಳಿನಲ್ಲಿ ಒಣಗಿಸದಿದ್ದರೆ ಅದು ಕೊಳೆಯುತ್ತಿತ್ತು. ಈ ತೊಡಕು ಬಿಡಿಸಿದ್ದು ರಸಾಯನಶಾಸ್ತ್ರ. ಡ್ಯೂಪಾಂಟ್ ಸಂಸ್ಥೆಯ ವ್ಯಾಲೇಸ್ ಕ್ಯಾರೊಥರ್ಸ್ 1935ರಲ್ಲಿ ನೈಲಾನನ್ನು ಸೃಷ್ಟಿಸಿದ. 1937ರಲ್ಲಿ ಅವನು ತೀರಿಕೊಂಡ. ತನ್ನ ವಸ್ತು ಮಾರುಕಟ್ಟೆಗೆ ಬಂದುದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. ಮರುವರ್ಷ ಅದು ಹಲ್ಲುಜ್ಜುವ ಬ್ರಷ್ಷಿನ ಕೂದಲಾಗಿ ಬಂತು, ಸ್ವಲ್ಪದರಲ್ಲಿಯೇ ಗಾಳದ ದಾರವಾಗಿಯೂ ಬಂತು. ನಾವು ಬಾಲ್ಯದಲ್ಲಿ ಅಂಗಡಿಯಿಂದ ತಂದು ಬಿದಿರಿನ ಕೋಲಿಗೆ ಕಟ್ಟುತ್ತಿದ್ದ ತಂಗೂಸಿ ಇದೇ.

ಮೂರು ದಾರಗಳು, ಮೂರು ಗುಣಗಳು

ಇಂದು ಅಂಗಡಿಯಲ್ಲಿ ದೊರೆಯುವ ದಾರಗಳು ಮುಖ್ಯವಾಗಿ ಮೂರು ಜಾತಿಯವು. ತೇಲುವ ಎರೆಯ ಮಟ್ಟಿಗೆ ಇವುಗಳ ಮೊದಲ ಪರೀಕ್ಷೆ ಬಲದ್ದಲ್ಲ, ಸಾಂದ್ರತೆಯದ್ದು. ನೀರಿನ ಸಾಂದ್ರತೆಯನ್ನು 1 ಎಂದು ಇಟ್ಟುಕೊಂಡರೆ ನೈಲಾನಿನದು ಸುಮಾರು 1.14. ಎಂದರೆ ಅದು ಮುಳುಗುತ್ತದೆ, ಆದರೆ ಬಹಳ ನಿಧಾನವಾಗಿ. ಎಸೆದು ಎಳೆಯುವಷ್ಟು ಹೊತ್ತು ಹೆಚ್ಚುಕಡಿಮೆ ನೀರಿನ ಮೇಲ್ಪದರದಲ್ಲಿಯೇ ಇರುತ್ತದೆ. ಎರಡನೆಯದು ಫ್ಲೋರೋಕಾರ್ಬನ್. ಜಪಾನಿನ ಕುರೇಹಾ ಸಂಸ್ಥೆ 1971ರಲ್ಲಿ ಇದನ್ನು ಗಾಳದ ದಾರವಾಗಿ ಹೊರತಂದಿತು. ಇದರ ಸಾಂದ್ರತೆ ಸುಮಾರು 1.78, ಕಲ್ಲಿನಂತೆ ಅಲ್ಲದಿದ್ದರೂ ನಿಶ್ಚಯವಾಗಿ ಮುಳುಗುವಂಥದ್ದು. ಮೂರನೆಯದು ಹೆಣೆದ ದಾರ, ಬ್ರೇಡ್. ಅತಿ ಉದ್ದನೆಯ ಅಣುಸರಪಳಿಗಳುಳ್ಳ ಪಾಲಿಎಥಿಲೀನ್ ಎಳೆಗಳನ್ನು ಜಡೆಯಂತೆ ಹೆಣೆದು ಮಾಡುವ ಇದು 1990ರ ದಶಕದಲ್ಲಿ ಗಾಳಗಾರರ ಕೈಗೆ ಬಂತು. ಡೈನೀಮಾ, ಸ್ಪೆಕ್ಟ್ರಾ ಎಂಬ ಹೆಸರುಗಳಲ್ಲಿ ಬರುವ ಈ ಎಳೆಗಳನ್ನೇ ಗುಂಡುನಿರೋಧಕ ಕವಚಗಳಿಗೂ ಬಳಸುತ್ತಾರೆ. ಇದರ ಸಾಂದ್ರತೆ 0.97. ನೀರಿಗಿಂತ ಹಗುರವಾದುದರಿಂದ ಇದು ತೇಲುತ್ತದೆ.

ಇಷ್ಟು ತಿಳಿದರೆ ನಮ್ಮ ಹುಡುಗನ ಮೊದಲ ತಪ್ಪು ಅರ್ಥವಾಗುತ್ತದೆ. ಅವನ ಡಬ್ಬಿಯಲ್ಲಿ ಇದ್ದುದು ಫ್ಲೋರೋಕಾರ್ಬನ್. ಅದು ಕಾಣುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲದಿಲ್ಲ. ಬೆಳಕನ್ನು ಬಾಗಿಸುವ ಗುಣದ ಅಳತೆ ನೀರಿಗೆ 1.33, ಫ್ಲೋರೋಕಾರ್ಬನ್ನಿಗೆ 1.42, ನೈಲಾನಿಗೆ ಸುಮಾರು 1.53. ನೀರಿಗೆ ಹತ್ತಿರವಾದಷ್ಟೂ ದಾರ ನೀರಿನಲ್ಲಿ ಕರಗಿದಂತೆ ಕಾಣುತ್ತದೆ. ಆಳದ ನೀರಿನಲ್ಲಿ ಮೆಲ್ಲನೆ ಎಳೆಯುವ ಎರೆಗಳಿಗೆ ಇದು ದೊಡ್ಡ ಅನುಕೂಲ. ಆದರೆ ಎರೆ ನೀರಿನ ಮೇಲಿದ್ದು ದಾರ ನೀರಿನೊಳಗೆ ಇಳಿದರೆ, ದಾರವು ಎರೆಯ ಮೂಗನ್ನು ಕೆಳಕ್ಕೆ ಜಗ್ಗುತ್ತದೆ. ಸದ್ದು ಮಾಡಬೇಕಾದ ಎರೆ ಸದ್ದು ಮಾಡುವುದಿಲ್ಲ, ಅಡ್ಡಾಡಬೇಕಾದದ್ದು ನೇರವಾಗಿ ಬರುತ್ತದೆ. ನಮ್ಮ ಕೆರೆಯಲ್ಲಿ ಆದದ್ದು ಇನ್ನೂ ಸ್ಪಷ್ಟ. ದಾರ ನೈದಿಲೆಯ ಎಲೆಗಳ ಕೆಳಗೆ ಇಳಿದು ದಂಟುಗಳಿಗೆ ಬಳಸಿಕೊಂಡಿತ್ತು. ಹುಡುಗ ಕೋಲನ್ನು ಎತ್ತಿದಾಗ ಅವನ ಬಲದಲ್ಲಿ ಬಹುಪಾಲು ದಂಟುಗಳನ್ನು ಎಳೆಯುವುದಕ್ಕೇ ಖರ್ಚಾಯಿತು.

ಎರಡನೆಯ ಪರೀಕ್ಷೆ ಹಿಗ್ಗುವಿಕೆಯದ್ದು. ನೈಲಾನ್ ತುಂಡಾಗುವ ಮೊದಲು ತನ್ನ ಉದ್ದದ ಐದನೆಯ ಒಂದು ಪಾಲಿಗೂ ಮಿಕ್ಕಿ ಹಿಗ್ಗಬಲ್ಲದು. ನೀರು ಕುಡಿದರೆ ಇನ್ನಷ್ಟು ಮೆತ್ತಗಾಗುತ್ತದೆ. ಹೆಣೆದ ದಾರ ಹಿಗ್ಗುವುದು ಶೇಕಡಾ ಮೂರು ನಾಲ್ಕರಷ್ಟು ಮಾತ್ರ. ಹಿಗ್ಗದ ದಾರ ಒಳ್ಳೆಯದೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ತೇಲುವ ಎರೆಯ ವಿಷಯದಲ್ಲಿ ಅದು ಎರಡಲಗಿನ ಕತ್ತಿ. ನೀರಿನ ಮೇಲೆ ಮೀನು ಹೊಡೆಯುವುದು ನಮ್ಮ ಕಣ್ಣಿಗೆ ಕಾಣುತ್ತದೆ. ಕಂಡ ಕೂಡಲೇ ಕೈ ತಾನಾಗಿ ಕೋಲನ್ನು ಎತ್ತುತ್ತದೆ. ಮೀನು ಎರೆಯನ್ನು ಬಾಯಿಗೆ ತೆಗೆದುಕೊಳ್ಳುವ ಮೊದಲೇ ಎರೆ ಕಸಿದುಹೋಗುತ್ತದೆ. ನೈಲಾನಿನ ಹಿಗ್ಗು ಈ ಆತುರವನ್ನು ಅರೆಕ್ಷಣ ತಡೆಯುತ್ತದೆ. ಮೂರು ಮೊನೆಯ ಸಣ್ಣ ಕೊಕ್ಕೆಗಳು ಮೀನಿನ ತುಟಿಯನ್ನು ಹರಿದು ಬಿಟ್ಟುಹೋಗುವುದನ್ನೂ ಅದು ತಪ್ಪಿಸುತ್ತದೆ.

ಮೂರನೆಯದು ದಪ್ಪ. 50 ಪೌಂಡ್, ಅಂದರೆ ಸುಮಾರು 22.7 ಕಿಲೋ ಭಾರ ತಾಳುವ ಹೆಣೆದ ದಾರದ ದಪ್ಪ 12 ಪೌಂಡಿನ ನೈಲಾನಿನಷ್ಟೇ, ಹೆಚ್ಚುಕಡಿಮೆ 0.36 ಮಿಲಿಮೀಟರ್. 65 ಪೌಂಡಿನದು 16 ಪೌಂಡಿನ ನೈಲಾನಿಗೆ ಸಮ. ಡಬ್ಬಿಯ ಮೇಲೆ ಎರಡು ಅಂಕಿಗಳನ್ನು ಮುದ್ರಿಸಿರುವುದು ಇದಕ್ಕಾಗಿಯೇ. ಕೊಳ್ಳುವವರು ಎರಡನ್ನೂ ಓದಬೇಕು.

ಯಾವ ಎರೆಗೆ ಯಾವ ದಾರ

ಬಾಸ್ ಹಿಡಿಯುವವರ ಅನುಭವ ಕೆಲವು ರೂಢಿಗಳಾಗಿ ನೆಲೆಗೊಂಡಿದೆ. ಅವನ್ನು ಕಾಯಿದೆಯೆಂದು ತಿಳಿಯಬೇಕಿಲ್ಲ. ಪೂರ್ವನಿದರ್ಶನಗಳೆಂದು ತಿಳಿದರೆ ಸಾಕು.

ಬಾಯಿ ತೆರೆದಂತೆ ಮುಂಭಾಗ ತಗ್ಗಾಗಿದ್ದು, ಎಳೆದಾಗ ಗುಳುಕ್ ಎಂದು ನೀರು ಉಗುಳುವ ಎರೆಗೆ ಪಾಪರ್ ಎಂದು ಹೆಸರು. ಇದಕ್ಕೆ 12ರಿಂದ 17 ಪೌಂಡಿನ ನೈಲಾನ್ ಸಾಕು. ಬಹಳ ಹೊತ್ತು ನಿಲ್ಲಿಸಿ ನಿಲ್ಲಿಸಿ ಎಳೆಯುವ ಎರೆಯಾದುದರಿಂದ ಮುಳುಗುವ ದಾರ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡುತ್ತದೆ.

ಜಾರಾ ಸ್ಪೂಕಿನಂತೆ ಅಡ್ಡಾಡುವ ಉದ್ದನೆಯ ಎರೆಗೆ 15ರಿಂದ 20 ಪೌಂಡಿನ ನೈಲಾನ್ ಹಳೆಯ ರೂಢಿ. ಈಗಿನವರು 30ರಿಂದ 50 ಪೌಂಡಿನ ಹೆಣೆದ ದಾರವನ್ನು ಒಪ್ಪುತ್ತಾರೆ. ದೂರ ಎಸೆಯಬಹುದು, ದೂರದಲ್ಲಿ ಹೊಡೆದ ಮೀನಿಗೂ ಕೊಕ್ಕೆ ನಾಟುತ್ತದೆ. ಆದರೆ ಹೆಣೆದ ದಾರಕ್ಕೆ ಬಿಗುಪು ಇಲ್ಲ. ಎರೆ ತಲೆ ತಿರುಗಿಸಿದಾಗ ಸಡಿಲಾದ ದಾರ ಮುಂದಿನ ಕೊಕ್ಕೆಗೆ ಸುತ್ತಿಕೊಳ್ಳುತ್ತದೆ. ಇದಕ್ಕೆ ಪರಿಹಾರ, ತುದಿಯಲ್ಲಿ ಒಂದೂವರೆ ಎರಡು ಅಡಿಯಷ್ಟು ಬಿಗುವಾದ ನೈಲಾನ್ ತುಂಡನ್ನು ಸೇರಿಸುವುದು. ಇದಕ್ಕೆ ಲೀಡರ್ ಎನ್ನುತ್ತಾರೆ; ನಾವು ತುದಿದಾರ ಎನ್ನಬಹುದು. ಎರೆಯ ಉಂಗುರಕ್ಕೆ ಬಿಗಿಯಾದ ಗಂಟಿನ ಬದಲು ಸಡಿಲವಾದ ಕುಣಿಕೆಯ ಗಂಟು ಹಾಕಿದರೆ ಅದರ ತಲೆ ಇನ್ನೂ ಸರಾಗವಾಗಿ ಹೊರಳುತ್ತದೆ.

ಲೋಹದ ರೆಕ್ಕೆ ಗಿರಕಿ ಹೊಡೆದು ಸದ್ದು ಮಾಡುವ ಬಜ್‌ಬೈಟಿಗೆ 17ರಿಂದ 20 ಪೌಂಡಿನ ನೈಲಾನ್ ಅಥವಾ 50 ಪೌಂಡಿನ ಹೆಣೆದ ದಾರ. ಒಮ್ಮೆ ನೀರಿಗೆ ಬಿದ್ದರೆ ನಿಲ್ಲಿಸದೆ ಎಳೆಯುವ ಎರೆಯಾದುದರಿಂದ ಇಲ್ಲಿ ಎರಡೂ ನಡೆಯುತ್ತವೆ.

ಇನ್ನು ರಬ್ಬರ್ ಕಪ್ಪೆ. ಇದರ ವಿಷಯದಲ್ಲಿ ಭಿನ್ನಮತ ಬಹಳ ಕಡಿಮೆ: 50ರಿಂದ 65 ಪೌಂಡಿನ ಹೆಣೆದ ದಾರ, ತುದಿದಾರವಿಲ್ಲದೆ ನೇರವಾಗಿ. ಕಾರಣ ಸ್ಪಷ್ಟ. ಕಪ್ಪೆ ಆಡುವುದು ಎಲೆಗಳ ಮೇಲೆ, ಪಾಚಿಯ ಮೇಲೆ. ಅಲ್ಲಿ ದಾರ ಕಾಣುವುದೇ ಕಾಣದಿರುವುದೇ ಎಂಬ ಪ್ರಶ್ನೆ ಹುಟ್ಟುವುದಿಲ್ಲ. ಅದರ ಎರಡು ಕೊಕ್ಕೆಗಳು ದಪ್ಪನಾದವು, ಬೆನ್ನಿಗೆ ಒತ್ತಿಕೊಂಡಿರುವಂಥವು. ಮೀನು ಕಪ್ಪೆಯನ್ನು ಅದುಮಿದಾಗ ಮಾತ್ರ ಅವು ಹೊರಬರುತ್ತವೆ. ನಾಟಬೇಕಾದರೆ ಹಿಗ್ಗದ ದಾರದ ಪೂರ್ಣಬಲ ಬೇಕು. ನಾಟಿದ ಮೇಲೆ ಮೀನು ನೇರವಾಗಿ ಬೇರುಗಳ ಕಡೆಗೆ ಧಾವಿಸುತ್ತದೆ. ಹೆಣೆದ ದಾರ ಎಳೆಯ ದಂಟುಗಳನ್ನು ಗರಗಸದಂತೆ ಕೊಯ್ದುಕೊಂಡು ಬರುತ್ತದೆ, ನೈಲಾನ್ ಅವುಗಳಿಗೆ ಸಿಕ್ಕಿ ನಿಲ್ಲುತ್ತದೆ. ಬೆರಳನ್ನೂ ಅದು ಹಾಗೆಯೇ ಕೊಯ್ಯುತ್ತದೆ ಎಂಬುದನ್ನು ಹೊಸಬರು ನೆನಪಿಡಬೇಕು. ಸಿಕ್ಕಿಬಿದ್ದ ಹೆಣೆದ ದಾರವನ್ನು ಎಂದೂ ಕೈಗೆ ಸುತ್ತಿ ಎಳೆಯಬಾರದು. ಒಂದು ಕೋಲಿಗೆ ಸುತ್ತಿ ಎಳೆಯಬೇಕು.

ಕಪ್ಪೆಗೆ ಮೀನು ಹೊಡೆದದ್ದು ಕಂಡರೂ ಕೋಲನ್ನು ಎತ್ತದೆ, ದಾರದಲ್ಲಿ ಭಾರ ತಿಳಿದ ಮೇಲೆಯೇ ಎತ್ತಬೇಕೆಂಬುದು ಎಲ್ಲರೂ ಹೇಳುವ ಮಾತು. ಹೇಳುವುದು ಸುಲಭ. ಎದುರು ವಕೀಲರ ಪ್ರಶ್ನೆ ಮುಗಿಯುವ ಮೊದಲೇ ಉತ್ತರಿಸಬೇಡಿರೆಂದು ನಾನು ಸಾಕ್ಷಿಗಳಿಗೆ ಎಷ್ಟು ಬಾರಿ ಹೇಳಿಲ್ಲ!

ಗಂಟಿನ ಸಾಕ್ಷ್ಯ

ಈಗ ಆ ಸಂಜೆಯ ಪ್ರಕರಣಕ್ಕೆ ಮರಳುತ್ತೇನೆ. ಹುಡುಗನ ದಾರ ತಪ್ಪು ಆಯ್ಕೆಯೇ ಆಗಿದ್ದರೂ ಅದು 12 ಪೌಂಡಿನ ಹೊಸ ದಾರ. ನಮ್ಮ ಕೆರೆಯ ವರಾಲ್ ಅದನ್ನು ಅಷ್ಟು ಸುಲಭದಲ್ಲಿ ತುಂಡರಿಸುವಂತಿರಲಿಲ್ಲ.

ತುಂಡಾದ ದಾರದ ತುದಿ ಮಾತಾಡುತ್ತದೆ. ತುದಿ ಕತ್ತರಿಸಿದಂತೆ ನೇರವಾಗಿದ್ದರೆ ಹಲ್ಲೋ ಹರಿತವಾದ ಕಲ್ಲೋ ಅದನ್ನು ಕೊಯ್ದಿದೆ. ತುದಿಯ ಮೇಲಿನ ಗೇಣುದ್ದ ಭಾಗ ಒರಟಾಗಿದ್ದರೆ ಉಜ್ಜಿ ಉಜ್ಜಿ ಸವೆದಿದೆ. ತುದಿ ಹಂದಿಯ ಬಾಲದಂತೆ ಸುರುಳಿ ಸುತ್ತಿಕೊಂಡಿದ್ದರೆ ದಾರ ತುಂಡಾದದ್ದೇ ಅಲ್ಲ, ಗಂಟು ಜಾರಿಹೋದದ್ದು. ಹುಡುಗ ಆ ತುದಿಯನ್ನು ಕತ್ತರಿಸದೆ ರೀಲಿಗೆ ಹಾಗೆಯೇ ಸುತ್ತಿಟ್ಟಿದ್ದ. ತಿಂಗಳ ಬಳಿಕ ನಾನು ಬಿಚ್ಚಿ ನೋಡಿದೆ. ಮೂರು ಸುತ್ತಿನ ಅಚ್ಚುಕಟ್ಟಾದ ಸುರುಳಿ.

ಆ ಗಂಟನ್ನು ಹಾಕಿದವನು ನಾನು. ಹುಡುಗ ತನ್ನ ದೂರವಾಣಿಯಲ್ಲಿ ಪಾಲೊಮರ್ ಗಂಟಿನ ವಿಧಾನವನ್ನು ಹುಡುಕುತ್ತಿದ್ದಾಗ, "ಇಲ್ಲಿ ಕೊಡು, ನಲುವತ್ತು ವರ್ಷಗಳಿಂದ ಗಂಟು ಹಾಕಿ ಗೊತ್ತು" ಎಂದು ಕಸಿದುಕೊಂಡು, ಬಾಲ್ಯದಲ್ಲಿ ತಂಗೂಸಿಗೆ ಹಾಕುತ್ತಿದ್ದ ಗಂಟನ್ನು ಹಾಕಿ, ಒಣಗಿದ್ದಂತೆಯೇ ಜಗ್ಗಿ ಬಿಗಿದಿದ್ದೆ. ಬಿಗಿಯುವಾಗ ದಾರ ದಾರಕ್ಕೆ ಉಜ್ಜಿ ಬಿಸಿಯಾಗುತ್ತದೆ. ಆ ಬಿಸಿ ದಾರದ ಮೈಯನ್ನು ಕೆಡಿಸುತ್ತದೆ. ಫ್ಲೋರೋಕಾರ್ಬನ್ನಿನಂಥ ಬಿರುಸು ದಾರದಲ್ಲಿ ಸುತ್ತುಗಳು ಒಂದರ ಮೇಲೊಂದು ಸರಿಯಾಗಿ ಕೂರುವುದೂ ಇಲ್ಲ. ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡಿ ಮೆಲ್ಲನೆ ಬಿಗಿಯಬೇಕೆಂಬುದು ಮೊದಲ ಪಾಠ. ಹೆಣೆದ ದಾರವಾದರೋ ಎಣ್ಣೆ ಸವರಿದಂತೆ ನುಣುಪು. ಅದಕ್ಕೆ ದಾರವನ್ನು ಇಮ್ಮಡಿಯಾಗಿ ಪೋಣಿಸುವ ಪಾಲೊಮರ್ ಗಂಟೇ ವಿಶ್ವಾಸಾರ್ಹ. ರೀಲಿನ ಬುಡದಲ್ಲಿಯೂ ಅದು ಜಾರಿ ಸುತ್ತುತ್ತಿರುತ್ತದೆ. ಆದ್ದರಿಂದ ಮೊದಲು ಕೆಲವು ಸುತ್ತು ನೈಲಾನ್ ಸುತ್ತಿ ಅದರ ಮೇಲೆ ಹೆಣೆದ ದಾರವನ್ನು ಸುತ್ತಬೇಕು.

ಹುಡುಗನಿಗೆ ಪತ್ರ ಬರೆದು ತಪ್ಪೊಪ್ಪಿಕೊಂಡೆ. "ನನಗೆ ಆಗಲೇ ಸಂಶಯ ಬಂದಿತ್ತು ಮಾವಾ" ಎಂದು ಉತ್ತರ ಬಂತು.

ಒಂದು ಔನ್ಸಿನ ತೀರ್ಪು

ದಾರದ ಅಧ್ಯಯನ ನನ್ನನ್ನು ನನ್ನ ವೃತ್ತಿಯ ಅಂಗಳಕ್ಕೇ ತಂದು ನಿಲ್ಲಿಸಿತು. 1939ರಲ್ಲಿ ಸ್ಥಾಪಿತವಾದ ಅಂತಾರಾಷ್ಟ್ರೀಯ ಗಾಳಮೀನುಗಾರಿಕಾ ಸಂಸ್ಥೆ, ಐಜಿಎಫ್‌ಎ, ದೊಡ್ಡ ಮೀನುಗಳ ದಾಖಲೆಗಳನ್ನು ಇಡುತ್ತದೆ. ಇಂತಿಷ್ಟು ಬಲದ ದಾರದಲ್ಲಿ ಹಿಡಿದ ಮೀನು ಎಂಬ ವರ್ಗದ ದಾಖಲೆ ಬೇಕೆಂದರೆ, ಹಿಡಿದ ದಾರದ ತುಣುಕನ್ನೇ ಸಾಕ್ಷ್ಯವಾಗಿ ಒಪ್ಪಿಸಬೇಕು. ಅದನ್ನು ನೀರಿನಲ್ಲಿ ನೆನೆಸಿ, ತುಂಡಾಗುವವರೆಗೆ ಎಳೆದು ಅಳೆಯುತ್ತಾರೆ. ಡಬ್ಬಿಯ ಮೇಲಿನ ಅಂಕಿ ಹೇಳಿಕೆ ಮಾತ್ರ. ನೆನೆದ ದಾರ ತಾಳಿದ ಭಾರವೇ ಪುರಾವೆ.

ಅಗಲಬಾಯಿಯ ಬಾಸಿನ ವಿಶ್ವದಾಖಲೆಯ ವ್ಯಾಜ್ಯವಂತೂ ಕಾನೂನು ವಿದ್ಯಾರ್ಥಿಗಳಿಗೆ ಪಾಠವಾಗುವಂತಿದೆ. 1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದ ಮಾಂಟ್ಗೊಮರಿ ಸರೋವರದಲ್ಲಿ ಜಾರ್ಜ್ ಪೆರಿ ಎಂಬ ಯುವಕ ಹಿಡಿದ ಬಾಸ್ 22 ಪೌಂಡ್ 4 ಔನ್ಸ್ ತೂಗಿತು. ಅದು ಆರ್ಥಿಕ ಕುಸಿತದ ಕಾಲ. ಮೀನನ್ನು ಮನೆಯವರು ಬೇಯಿಸಿ ತಿಂದರು. 77 ವರ್ಷಗಳ ಬಳಿಕ, 2009ರ ಜುಲೈ 2ರಂದು, ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ ಬಾಸ್ 22 ಪೌಂಡ್ 4.97 ಔನ್ಸ್ ತೂಗಿತು. ಸುಮಾರು ಒಂದು ಔನ್ಸ್, 27 ಗ್ರಾಮಿನಷ್ಟು ಹೆಚ್ಚು. ಆದರೆ ಈ ಗಾತ್ರದ ಮೀನಿನ ಹಳೆಯ ದಾಖಲೆಯನ್ನು ಮುರಿಯಲು ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕೆಂಬುದು ನಿಯಮ. ಆದ್ದರಿಂದ ದಾಖಲೆ ಇಬ್ಬರದೂ ಎಂದು ತೀರ್ಮಾನವಾಯಿತು. ಒಬ್ಬನ ಮೀನು ಎಂದೋ ಜೀರ್ಣವಾಗಿತ್ತು, ಇನ್ನೊಬ್ಬನದು ಕಣ್ಣೆದುರಿಗಿತ್ತು. ನಿಯಮ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿತು.

ಅಲ್ಲಿ ಕರ್ತವ್ಯ, ಇಲ್ಲಿ ಅಪರಾಧ

ಅಮೆರಿಕದ ಬಾಸ್ ಪಂದ್ಯಗಳಿಗೆ ರೂಪಕೊಟ್ಟ ರೇ ಸ್ಕಾಟ್ 1970ರ ದಶಕದಲ್ಲಿ, ಹಿಡಿದ ಮೀನನ್ನು ಕೊಲ್ಲದೆ ನೀರಿಗೆ ಬಿಡಬೇಕೆಂಬ ರೂಢಿಯನ್ನು ಬೆಳೆಸಿದ. ಇಂದು ಅಲ್ಲಿ ಬಾಸನ್ನು ಮರಳಿ ಬಿಡುವುದು ಸಜ್ಜನಿಕೆಯ ಗುರುತು. ಅದೇ ಬಾಸನ್ನು 1925ರಲ್ಲಿ ಜಪಾನಿನ ಆಶಿ ಸರೋವರಕ್ಕೆ ತಂದು ಬಿಟ್ಟರು. ಅದು ಹಬ್ಬಿತು, ಅಲ್ಲಿನ ಮೀನುಗಳನ್ನು ತಿಂದಿತು. 2005ರಿಂದ ಜಪಾನಿನಲ್ಲಿ ಅದನ್ನು ಜೀವಂತವಾಗಿ ಸಾಗಿಸುವುದು ಅಪರಾಧ. ಬೀವಾ ಸರೋವರವಿರುವ ಶಿಗಾ ಪ್ರಾಂತದಲ್ಲಿ, ಹಿಡಿದ ಬಾಸನ್ನು ಅಲ್ಲಿಯೇ ಮರಳಿ ನೀರಿಗೆ ಬಿಡುವುದನ್ನೂ ನಿಷೇಧಿಸಲಾಗಿದೆ. ಒಂದು ದಡದಲ್ಲಿ ಕರ್ತವ್ಯವಾದ ಕೃತ್ಯ ಇನ್ನೊಂದು ದಡದಲ್ಲಿ ಅಪರಾಧ.

ನಮ್ಮ ವರಾಲಿನ ಬಳಗಕ್ಕೂ ಇದೇ ಗತಿ ಒದಗಿದೆ. 2002ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕ್ರಾಫ್ಟನ್ ಎಂಬಲ್ಲಿನ ಕೆರೆಯೊಂದರಲ್ಲಿ ಚೀನಾ ಮೂಲದ ಹಾವುತಲೆ ಮೀನು ಕಾಣಿಸಿಕೊಂಡಾಗ ಸರಕಾರ ಕೆರೆಗೆ ವಿಷ ಹಾಕಿಸಿ ಎಲ್ಲ ಮೀನುಗಳನ್ನೂ ಕೊಂದಿತು. ಅದೇ ವರ್ಷ ಇಡೀ ಹಾವುತಲೆ ಕುಲವನ್ನು ಹಾನಿಕರ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಆದರೂ ಅದು ಪೊಟೋಮ್ಯಾಕ್ ನದಿಯಲ್ಲಿ ನೆಲೆಸಿತು. ಜನರು ಹೆಸರಿಗೆ ಹೆದರದೆ ಹಿಡಿದು ತಿನ್ನಲೆಂದು 2024ರಲ್ಲಿ ಮೇರಿಲ್ಯಾಂಡ್ ಅದಕ್ಕೆ ಚೆಸಪೀಕ್ ಚನ್ನಾ ಎಂಬ ಹೊಸ ಹೆಸರನ್ನು ಶಾಸನದ ಮೂಲಕ ಕೊಟ್ಟಿತು. ಅಲ್ಲಿನವರು ಅದನ್ನು ಹಿಡಿಯುವುದು ಯಾವುದರಿಂದ? ಬಾಸಿಗೆಂದು ಮಾಡಿದ ಅದೇ ರಬ್ಬರ್ ಕಪ್ಪೆ, ಅದೇ ಹೆಣೆದ ದಾರದಿಂದ. ಗಡಿ ದಾಟಿದ ಮಾತ್ರಕ್ಕೆ ಒಂದು ಜೀವ ಏನೇನಾಗಬಹುದೆಂಬುದು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ.

ಕೆಂಪು ಮರಿಗಳು

ಗಂಟಿನ ತಪ್ಪಿಗಿಂತ ದೊಡ್ಡದೊಂದನ್ನು ನಾನಿನ್ನೂ ಹೇಳಿಲ್ಲ.

ಹುಡುಗ ಮೂರನೆಯ ಬಾರಿ ಕಪ್ಪೆಯನ್ನು ಎಸೆದದ್ದು ಎಲ್ಲೋ ಅಲ್ಲ. ಕೆರೆಯ ಮೂಲೆಯಲ್ಲಿ ನೀರು ಸಣ್ಣಗೆ ಕುದಿಯುವಂತೆ ಕಾಣುತ್ತಿತ್ತು. ಕುದಿಯುವಲ್ಲಿ ಕೆಂಪು ಬಣ್ಣ. ಅವು ವರಾಲಿನ ಮರಿಗಳು. ನೂರಾರು ಮರಿಗಳು ಒಂದು ಉಂಡೆಯಾಗಿ, ಉಸಿರೆಳೆಯಲು ಮೇಲೆ ಬಂದು ಹೋಗುತ್ತಿರುತ್ತವೆ. ಹೆತ್ತ ಮೀನು ಅವುಗಳ ಕೆಳಗೆ ಕಾವಲಿರುತ್ತದೆ. ಮರಿಗಳ ಹತ್ತಿರಕ್ಕೆ ಕಪ್ಪೆಯಂತಹ ಏನೇ ಬಂದರೂ ಅದು ಹಸಿವಿಗಾಗಿ ಅಲ್ಲ, ಕಾಯುವುದಕ್ಕಾಗಿ ಹೊಡೆಯುತ್ತದೆ. ಬಾಸಿನಲ್ಲಿಯೂ ಹಾಗೆಯೇ: ವಸಂತದಲ್ಲಿ ಗಂಡು ಗೂಡನ್ನು ಗುಡಿಸಿ, ಮೊಟ್ಟೆಗಳನ್ನೂ ಮರಿಗಳನ್ನೂ ಕಾಯುತ್ತದೆ, ಅದನ್ನು ಎತ್ತಿದ ಕೂಡಲೇ ಸುತ್ತಲಿನ ಸಣ್ಣ ಮೀನುಗಳು ಗೂಡಿಗೆ ನುಗ್ಗುತ್ತವೆ.

ಆ ಕೆಂಪು ಉಂಡೆಯನ್ನು ನಾನು ಕಂಡಿದ್ದೆ. ಅದು ಏನೆಂದು ನನಗೆ ತಿಳಿದಿತ್ತು. ಬಾಲ್ಯದಲ್ಲಿ ನಮ್ಮ ತೋಟದ ಹಿರಿಯ ಕೆಲಸದವರೊಬ್ಬರು ನನ್ನ ಕೈಯಿಂದ ಗಾಳದ ಕೋಲನ್ನು ಕಸಿದು ಅದನ್ನು ತೋರಿಸಿದ್ದರು. ಮರಿ ಕಟ್ಟಿಕೊಂಡದ್ದಕ್ಕೆ ಗಾಳ ಹಾಕಬಾರದು ಎಂದಿದ್ದರು. ಹುಡುಗ ಅಲ್ಲಿಗೆ ಗುರಿಯಿಟ್ಟಾಗ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ನೀರು ಸ್ಫೋಟಿಸುವುದನ್ನು ನೋಡುವ ಆಸೆ ನನಗೂ ಇತ್ತು.

ಮರುದಿನ ಬೆಳಿಗ್ಗೆ ಉಂಡೆ ಚದುರಿತ್ತು. ಮೂರನೆಯ ದಿನ ಕೆರೆಯ ಅಂಚಿನಲ್ಲಿ ಒಂದು ಬೆಳ್ಳಕ್ಕಿಯೂ ಎರಡು ನೀರುಕಾಗೆಗಳೂ ಇದ್ದವು. ಐದನೆಯ ದಿನ ಕೆಂಪು ಕಾಣಲಿಲ್ಲ.

ಕಾನೂನು ಈ ವಿಷಯದಲ್ಲಿ ಮೂಕವೇನೂ ಅಲ್ಲ. 1897ರ ಭಾರತೀಯ ಮೀನುಗಾರಿಕಾ ಕಾಯಿದೆಯ 4 ಮತ್ತು 5ನೆಯ ಕಲಮುಗಳು ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದನ್ನು ಅಪರಾಧವೆಂದವು. ಕೇರಳದಲ್ಲಿ 2010ರ ಒಳನಾಡು ಮೀನುಗಾರಿಕೆ ಮತ್ತು ಜಲಕೃಷಿ ಕಾಯಿದೆ ಬಂದಿದೆ. ಮೊದಲ ಮಳೆಗೆ ಮೊಟ್ಟೆಯಿಡಲು ಹೊಳೆಯಿಂದ ಗದ್ದೆಗೆ ಏರಿಬರುವ ಮೀನುಗಳನ್ನು ಹಿಡಿಯುವ, ಮಲಯಾಳದಲ್ಲಿ ಊತ್ತ ಎನ್ನುವ ಬೇಟೆಗೂ ಈ ರಾಜ್ಯದಲ್ಲಿ ನಿಷೇಧವಿದೆ. ಆದರೆ ಸ್ವಂತ ತೋಟದ ಕೆರೆಯಲ್ಲಿ ಸೋದರಳಿಯ ಎಸೆದ ಒಂದು ಕಪ್ಪೆಯನ್ನು ಕುರಿತು ದೂರು ಕೊಡುವವರು ಯಾರೂ ಇಲ್ಲ. ದೂರುದಾರರಿಲ್ಲದ ಪ್ರಕರಣಗಳೇ ಮನಸ್ಸಿನಲ್ಲಿ ಬಹುಕಾಲ ಬಾಕಿ ಉಳಿಯುವುದು.

ಹುಡುಗ ಡಿಸೆಂಬರಿನಲ್ಲಿ ಮತ್ತೆ ಬಂದಾಗ 50 ಪೌಂಡಿನ ಹೆಣೆದ ದಾರ ತಂದಿದ್ದ. ಕೊಕ್ಕೆಗಳ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದೆವು. ದಾರ ಹೋದರೂ ಮೀನು ಕೊಕ್ಕೆಯನ್ನು ಕೊಡಹಿ ಹೊರಹಾಕಲಿ ಎಂದು. ಗಂಟನ್ನು ಅವನೇ ಹಾಕಿದ, ಒದ್ದೆ ಮಾಡಿ. ಕತ್ತರಿಸಿದ ತುಂಡುಗಳನ್ನು ಹಳೆಯ ನೀರಿನ ಬಾಟಲಿಯೊಂದಕ್ಕೆ ತುಂಬುತ್ತಿದ್ದೇವೆ. ನೈಲಾನ್ ಕೊಳೆಯುವುದಿಲ್ಲ, ಹಕ್ಕಿಗಳ ಕಾಲಿಗೆ ಅದು ಬಹುವರ್ಷಗಳ ಉರುಳು. ಮೂರು ವರಾಲ್ ಹಿಡಿದೆವು, ಒಂದನ್ನು ಅಡುಗೆಗೆ ಇಟ್ಟುಕೊಂಡೆವು. ಮಳೆಗಾಲದಲ್ಲಿ ಕೋಲು ಅಟ್ಟಕ್ಕೇರುವುದೆಂದು ನಮ್ಮೊಳಗೆ ಒಪ್ಪಂದವಾಗಿದೆ. ಅದಕ್ಕೆ ಮುದ್ರಾಂಕ ಕಾಗದ ಬೇಕಾಗಲಿಲ್ಲ.

ಏಪ್ರಿಲಿನಲ್ಲಿ ತೋಟಕ್ಕೆ ನೀರು ಹಾಯಿಸಿ ಕೆರೆ ಮೊಣಕಾಲುದ್ದಕ್ಕೆ ಇಳಿದಾಗ, ಕೆಸರು ತೆಗೆಯುವವರಿಗೆ ಹಸಿರು ಕಪ್ಪೆ ಸಿಕ್ಕಿತು. ಬಣ್ಣ ಮಾಸಿರಲಿಲ್ಲ. ಒಂದು ಕೊಕ್ಕೆ ತುಕ್ಕು ಹಿಡಿದಿತ್ತು. ಮೂಗಿನ ಉಂಗುರದಲ್ಲಿ ದಾರದ ಎಳೆಯೂ ಉಳಿದಿರಲಿಲ್ಲ. ಗಂಟು ಪೂರ್ಣವಾಗಿ ಜಾರಿತ್ತು. ಮೀನು ಅದನ್ನು ಉಗುಳಿ ಬದುಕಿತೋ, ಇಲ್ಲವೋ, ಕಪ್ಪೆಯಿಂದ ತಿಳಿಯುವಂತಿರಲಿಲ್ಲ. ಅದನ್ನು ತೊಳೆದು ನನ್ನ ಕಚೇರಿಯ ಮೇಜಿನ ಮೇಲಿಟ್ಟಿದ್ದೇನೆ. ಬಂದ ಕಕ್ಷಿದಾರರು ಇದೇನೆಂದು ಕೇಳುತ್ತಾರೆ. ಆಟಿಕೆ ಎಂದು ಹೇಳುತ್ತಿದ್ದೆ. ಈ ಲೇಖನ ಅಚ್ಚಾದ ಮೇಲೆ ಹಾಗೆ ಹೇಳುವಂತಿಲ್ಲ.